ಎರಡು ಪದಕ್ಕೊಂದು ನಿಲುಗಡೆ

...ಬೇಡ, ಆ ಆಕ್ಸಿಜನ್ ಕ್ಲಿಪ್ಪು ಆಮೇಲೆ ಹಾಕುವಿರಂತೆ. ಬೆರಳು ತಣ್ಣಗಿದೆ. ತಣ್ಣಗಿರೋ ಬೆರಳಲ್ಲಿ ಅದು ಸರಿಯಾಗಿ ತೋರಿಸೋದಿಲ್ಲ ಅಂತ ನೀವೇ ಹೇಳಿದ್ದು, ಮೊನ್ನೆ. ನೋಡಿ, ಟೀ ಲೋಟಾನ ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೀನಿ. ಬೆಚ್ಚಗಾಗಲಿ. ಅಲ್ಲೀತನಕ ಕೂತ್ಕೊಳ್ಳಿ ಸಿಸ್ಟರ್.

ಕೂತ್ರಾ? ನಿಜವಾಗಲೂ?

ಅಲ್ಲ, ಕೂತ್ಕೊಳ್ಳಿ ಅಂತ ದಿನಾ ಹೇಳ್ತೀನಿ. ದಿನಾ ನೀವು ಹೊಸಿಲಲ್ಲೇ ನಿಂತು, 'ಮೇಷ್ಟ್ರೇ, ಇನ್ನೂ ಎಷ್ಟೋ ಮನೆ ಇದೆ' ಅಂತ ಒಂದು ಕಾಲು ಮೆಟ್ಟಿಲ ಮೇಲೇ ಇಟ್ಟಿರ್ತೀರಿ. ಇವತ್ತು ಒಂದೇ ಮಾತಿಗೆ ಕೂತುಬಿಟ್ರಿ. ಸಂತೋಷ. ಆ ಕುರ್ಚಿ ಸ್ವಲ್ಪ ಎಡಕ್ಕೆ ವಾಲುತ್ತೆ, ಹೆದರಬೇಡಿ, ಬೀಳೋದಿಲ್ಲ. ನಮ್ಮ ಮನೆಯವಳು ಅದರಲ್ಲೇ ಕೂತು ಮಕ್ಕಳ ಪೇಪರ್ ತಿದ್ದೋಳು. ವಾಲ್ತಾ ವಾಲ್ತಾನೇ ಮೂವತ್ತೈದು ಕೊಡಬೇಕಾದಲ್ಲಿ ನಲವತ್ತು ಕೊಟ್ಟುಬಿಡೋಳು. ಕುರ್ಚಿ ತಪ್ಪು ಅನ್ನೋಳು.

ಕಿಟಕಿ ಯಾಕೆ ತೆಗೀತೀರಿ? ಸೆಖೆನಾ? ತೆಗೀರಿ, ತೆಗೀರಿ. ಆ ಚಿಲಕ ಮೇಲಕ್ಕೆತ್ತಿ ಎಳೀಬೇಕು... ಹಾಂ, ಹಾಗೆ.

ಇವತ್ತಿನ ತೊಂದರೆ ಏನು ಅಂತ ಕೇಳಲಿಲ್ಲ ನೀವು. ದಿನಾ ಮೊದಲು ಅದನ್ನೇ ಕೇಳೋದು. ಪರವಾಗಿಲ್ಲ, ನಾನೇ ಹೇಳ್ತೀನಿ, ಬರ್ಕೊಳ್ಳಿ. ವಾಸನೆ ಹೋಗಿದೆ. ಪೂರ್ತಿ ಹೋಗಿದೆ. ನಿನ್ನೆ ಸಾಯಂಕಾಲ ಷರ್ಟಿಗೆ ಇಸ್ತ್ರಿ ಹಾಕ್ತಿದ್ದೆ, ಬಟ್ಟೆ ಸೀದು ಕಪ್ಪಗಾಗಿ ಹೊಗೆ ಎದ್ದಿದೆ... ನನ್ನ ಮೂಗಿಗೆ ಸುದ್ದೀನೇ ಇಲ್ಲ. ಹೀಗೂ ಆಗುತ್ತಾ ಅಂತ...

ಯಾಕೆ ಸುತ್ತಮುತ್ತ ನೋಡ್ತೀರಿ? ಏನು ಹುಡುಕ್ತಿದ್ದೀರಿ? ಇಸ್ತ್ರಿ ಪೆಟ್ಟಿಗೆನಾ? ಅದು ಒಳಗಿದೆ. ಒಳಗೆ ಅಂದ್ರೆ... ಕಪಾಟಿನ ಹಿಂದೆ.

ನಗ್ತಿದ್ದೀರಿ. ಮಾಸ್ಕ್ ಹಾಕ್ಕೊಂಡರೆ ಗೊತ್ತಾಗೋದಿಲ್ಲ ಅಂದ್ಕೊಂಡ್ರಾ? ಹಿಂದಿನ ಬೆಂಚಲ್ಲಿ ಪುಸ್ತಕ ಅಡ್ಡ ಹಿಡಿದು ನಗೋ ಮಕ್ಕಳನ್ನ ಕಣ್ಣಲ್ಲೇ ಹಿಡಿದವನು ನಾನು.

ಸರಿ, ಸಿಕ್ಕಿಬಿದ್ದೆ. ನನ್ನ ಮನೇಲಿ ಇಸ್ತ್ರಿ ಪೆಟ್ಟಿಗೆ ಇಲ್ಲ. ಹೊಗೆ ಎದ್ದದ್ದು ಮೊನ್ನೆ, ಮೇಲ್ಮನೆ ಟೈಲರ್ ಕೈಯಲ್ಲಿ. ಮೆಟ್ಟಿಲಿಂದ ಕೂಗಿ ಹೇಳಿದ, ಯಾರದೋ ಮದುವೆ ಕೋಟು ಅಂತೆ, ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಅಚ್ಚು ಬಿದ್ದಿದೆ. ಅವನು ನಿಮಗೂ ಹೇಳಿದ್ದಾನೆ, ಅಲ್ವಾ? ಇದೇ ಮಾತಲ್ಲಿ? 'ಮೂಗಿಗೆ ಸುದ್ದೀನೇ ಇಲ್ಲ' ಅಂತ? ...ಹೇಳೇ ಇರ್ತಾನೆ. ಪಕ್ಕದವನ ಉತ್ತರ ನಕಲು ಮಾಡೋ ಮಗು ಹೇಗೆ ಸಿಕ್ಕಿಬೀಳುತ್ತೆ ಗೊತ್ತಾ ಸಿಸ್ಟರ್? ಉತ್ತರದ ಜೊತೆ ಪಕ್ಕದವನ ಹೆಸರನ್ನೂ ಇಳಿಸಿಬಿಡುತ್ತೆ. ಎಷ್ಟು ಜನರ ಕಿವಿ ಹಿಂಡಿದ್ದೀನಿ ಅದಕ್ಕೆ. ಈಗ ನೋಡಿ, ನಾನು ಇಸ್ತ್ರಿ ಪೆಟ್ಟಿಗೆ ಸಮೇತ ಇಳಿಸಿದ್ದೀನಿ.

ಹಾಗಾದರೆ ಸೋಮವಾರದ ಸೊಂಟನೋವು ಅಂತ ಕೇಳ್ತೀರಾ? ಅದು ಮೂಲೆ ಅಂಗಡಿ ಕ್ಷೌರಿಕನದು. ಅವನಿಗೆ ಕೆಮ್ಮಿಲ್ಲ, ಸೀನಿಲ್ಲ, ಸೊಂಟಕ್ಕೆ ಯಾರೋ ಒನಕೆ ತಗೊಂಡು ಕುಟ್ಟಿದ ಹಾಗೆ ನೋವು. ಗಿರಾಕಿಗಳ ಮುಂದೆ ಬಗ್ಗಿ ಬಗ್ಗಿ ಬಂದದ್ದು ಅಂತಲೇ ವಾರ ಕಳೆದ, ಪಾಪ. ಬುಧವಾರದ ಕೆಂಪು ಕಣ್ಣು, ಕೆಳಗೆ ಬೇಕರಿಯವನ ಮಗಳದು. ಅದಕ್ಕೆ ಸ್ವಲ್ಪ ಕಷ್ಟಪಟ್ಟೆ... ನೀವು ಬರೋ ಹೊತ್ತಿಗೆ ಸರಿಯಾಗಿ ಈರುಳ್ಳಿ ಹೆಚ್ಚಿಟ್ಟೆ. ನೀವು ಟಾರ್ಚ್ ಹಾಕಿ ನೋಡಿದ್ರಿ. 'ಎರಡೂ ಕಣ್ಣು ಕೆಂಪಗಿದೆ ಮೇಷ್ಟ್ರೇ' ಅಂದ್ರಿ. ನನಗೆ ಪಾಸಾದಷ್ಟು ಖುಷಿ.

ನನ್ನದು ಅಂತ ನಿಜವಾಗಿ ಬಂದದ್ದು ಗಂಟಲು ಕೆರೆತ, ಒಂದು ರಾತ್ರಿ ಜ್ವರ. ಟೆಸ್ಟಲ್ಲಿ ಈ ಊರೆಲ್ಲ ಹರಡಿರೋ ಕಾಯಿಲೆ ಇದೆ ಅಂತ ಬಂತು, ನಿಮ್ಮ ಆರೋಗ್ಯ ಆಫೀಸಿನವರು ನನ್ನ ಮನೇನ ದಿನಾ ನೋಡೋ ಪಟ್ಟಿಗೆ ಸೇರಿಸಿಕೊಂಡ್ರು. ಅಷ್ಟೇ. ಆಮೇಲೆಲ್ಲ... ಎರವಲು.

ಬೈಬೇಕು ಅನ್ನಿಸಿದ್ರೆ ಬೈರಿ. ಸುಮ್ಮನೆ ನೋಡಬೇಡಿ.

ನಿಮ್ಮ ಆಫೀಸಿನ ನಿಯಮ ಮಾಡಿದ್ದು ನಾನಲ್ಲವಲ್ಲ. ಮೂರು ದಿನ ಏನೂ ತೊಂದರೆ ಇಲ್ಲ ಅಂದ್ರೆ ಆ ಮನೇನ ಪಟ್ಟಿಯಿಂದ ಬಿಡಬೇಕು. ನೀವೇ ಹೇಳಿದ್ರಿ, ಮೊದಲನೇ ದಿನ, ಒಳ್ಳೇ ಸುದ್ದಿ ಹೇಳೋ ಹಾಗೆ. ಎರಡು ದಿನ ಚೆನ್ನಾಗಿದ್ದೆ. ಮೂರನೇ ದಿನ ಬೆಳಿಗ್ಗೆ ಎದ್ದು ಯೋಚನೆ ಮಾಡ್ತೀನಿ... ಇವತ್ತು 'ಚೆನ್ನಾಗಿದ್ದೀನಿ' ಅಂದ್ರೆ ನಾಳೆ ಈ ಬಾಗಿಲು ತಟ್ಟೋರು ಯಾರು? ಹಾಲಿನವನು ಪ್ಯಾಕೆಟ್ ಚೀಲದಲ್ಲಿ ಹಾಕಿ ಹೋಗ್ತಾನೆ. ಪೇಪರ್‌ನವನು ಕೆಳಗೇ ಎಸೆದು ಹೋಗ್ತಾನೆ. ತಟ್ಟೋದು ನೀವೊಬ್ಬರೇ. ಎರಡು ಸಲ ತಟ್ಟಿ, ಸ್ವಲ್ಪ ತಡೆದು, 'ಮೇಷ್ಟ್ರೇ, ಇವತ್ತು ಹೇಗಿದ್ದೀರಿ?' ಅಂತ. ಆ ಪ್ರಶ್ನೆಗೆ ಚೆನ್ನಾಗಿದ್ದೀನಿ ಅಂತ ಉತ್ತರ ಬರೆದ್ರೆ... ಪ್ರಶ್ನೆನೇ ನಿಂತುಹೋಗುತ್ತೆ. ಇದು ಯಾವ ನ್ಯಾಯ ಹೇಳಿ.

ಹಾಗಂತ ಜಾಸ್ತಿ ಕಾಯಿಲೆನೂ ಹೇಳೋ ಹಾಗಿಲ್ಲ. ಹೇಳಿದ್ರೆ ಆಸ್ಪತ್ರೆಗೆ ಅಂತೀರಿ. ಅದಕ್ಕೇ ಅಳತೆ ನೋಡಿ ಹೇಳ್ತಿದ್ದೆ. ಸೊಂಟನೋವು ಸರಿ, ಕೆಂಪು ಕಣ್ಣು ಸರಿ. ಮನೇಲೇ ಇರಬಹುದಾದಷ್ಟು. ನೀವು ಬರಬೇಕು, ನಾನು ಹೋಗಬಾರದು. ಇಷ್ಟೇ ನನ್ನ ಲೆಕ್ಕ. ಏನು ಬೇಕಾದರೂ ಬರ್ಕೊಳ್ಳಿ ತಾಯಿ, ಆಸ್ಪತ್ರೆ ಅಂತ ಮಾತ್ರ ಬರೀಬೇಡಿ.

ಮತ್ತೆ ಫೋನಾ? ಬಾಗಿಲಲ್ಲೂ ಏನೋ ಒತ್ತುತಾ ಇದ್ರಿ. ಟೈಲರ್‌ಗೆ ತಡ ಆಗುತ್ತೆ ಅಂತ ಮೆಸೇಜ್ ಹಾಕಿದ್ರಾ? ಹಾಕಿ, ಹಾಕಿ. ಅವನಿಗೇನು, ಮನೆ ತುಂಬ ಜನ. ತಾಯಿ, ಹೆಂಡತಿ, ಅತ್ತಿಗೆ. ಅವನ ತಾಯಿ ಕಥೆ ಗೊತ್ತಲ್ಲ ನಿಮಗೆ? ಆಯಮ್ಮನಿಗೆ ಮೂಗಿನ ತೊಂದರೆ ಇಲ್ಲ, ಗಂಟಲಿನದಿಲ್ಲ, ಏನೂ ಇಲ್ಲ. ಊಟ ಬೇಡ ಅಂದದ್ದು ಒಂದೇ. ಸೊಸೆ ಮೇಲೆ ಸಿಟ್ಟು ಅಂದ್ಕೊಂಡ್ರು ಎಲ್ಲರೂ. ಸೊಸೆನೂ ಹಾಗೇ ಅಂದ್ಕೊಂಡು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ನೀವು ಹೋಗಿ ನೋಡಿ... ಜಗಳ ಅಲ್ಲ, ಕಾಯಿಲೆ ಅಂದ್ರಿ. ಇಬ್ಬರೂ ತಬ್ಬಿಕೊಂಡು ಅತ್ತರಂತೆ. ಒಂದೇ ಕಾಯಿಲೆ ಸಿಸ್ಟರ್, ಒಬ್ಬೊಬ್ಬರ ಮನೇಲಿ ಒಂದೊಂದು ವೇಷ. ನಮ್ಮ ಸ್ಕೂಲಲ್ಲಿ ಆಗಾಗ ಒಬ್ಬ ಇನ್ಸ್‌ಪೆಕ್ಟರ್ ಬರೋರು, ಒಂದು ಸಲ ಪೋಷಕರ ಹಾಗೆ, ಒಂದು ಸಲ ಪುಸ್ತಕ ಮಾರೋರ ಹಾಗೆ... ಗುರುತು ಹಿಡಿಯೋ ಹೊತ್ತಿಗೆ... ರಿಪೋರ್ಟ್ ಬರೆದಾಗಿರೋದು.

ಕೈ ಯಾಕೆ ಎತ್ತಿದ್ರಿ? ಸುಮ್ಮನಿರಿ ಅಂತಾನಾ? ಬೇಜಾರಾಯ್ತಾ ನನ್ನ ಮಾತು? ...ಇಲ್ಲ ಅಂತ ತಲೆ ಆಡಿಸ್ತೀರಿ, ಕೈ ಮಾತ್ರ ಹಾಗೇ ಇದೆ. ಸ್ವಲ್ಪ ಹೊತ್ತು ಸಿಸ್ಟರ್. ನಿನ್ನೆ ನೀವು ಹೋದಮೇಲೆ ಇವತ್ತು ನೀವು ಬರೋ ತನಕ ಈ ಬಾಯಿಂದ ಒಂದು ಮಾತು ಬಂದಿಲ್ಲ. ಗಡಿಯಾರಕ್ಕೆ ಕೀ ಕೊಡುವಾಗ 'ಇರಪ್ಪಾ' ಅಂದೆ, ಅಷ್ಟೇ.

ಅವಳಿಗೂ ಹಾಗೇ ಆದದ್ದು, ವೇಷ ಬೇರೆ. ನಮ್ಮ ಮನೆಯವಳಿಗೆ. ಹೋದ ಚಳಿಗಾಲ. ಜ್ವರ ಇಲ್ಲ. ಕೆಮ್ಮಿಲ್ಲ. ಥರ್ಮಾಮೀಟರ್ ದಿನಾ ಇಬ್ಬರೂ ಇಟ್ಕೊಳ್ತಿದ್ವಿ, ಪಕ್ಕಪಕ್ಕ ಕೂತು, ಬಾಯಲ್ಲಿ ಕಡ್ಡಿ ಇಟ್ಕೊಂಡ ಕೊಕ್ಕರೆಗಳ ಹಾಗೆ. ಇಬ್ಬರದೂ ಸರಿ ಇರೋದು. ಒಂದೇ ವ್ಯತ್ಯಾಸ... ಮಧ್ಯಾಹ್ನ ಮಲಗಿದಳು. ಅವಳು ಹಗಲು ಮಲಗಿದ್ದು ನಾನು ಕಂಡೇ ಇರಲಿಲ್ಲ. ಎದ್ದು ಮತ್ತೆ ಕೆಲಸ ಮಾಡಿದಳು, ಮತ್ತೆ ಮಲಗಿದಳು. ಸುಸ್ತು ಅಂದಳು. ಸುಸ್ತು ಯಾರಿಗೆ ಆಗೋದಿಲ್ಲ? ಸುಸ್ತಿಗೆ ಯಾರು ಹೆದರ್ತಾರೆ? ಗೋಡೆಗೆ ಅಂಟಿಸಿದ್ದ ನಿಮ್ಮ ಆಫೀಸಿನ ಚಿತ್ರದಲ್ಲೂ ಕೆಮ್ಮೋ ಮನುಷ್ಯ, ಸೀನೋ ಮನುಷ್ಯ, ಕಂಬಳಿ ಹೊದ್ದು ನಡುಗೋ ಮನುಷ್ಯ. ಸುಮ್ಮನೆ ಮಲಗಿರೋ ಹೆಂಗಸಿನ ಚಿತ್ರ... ಇರಲಿಲ್ಲ ಅದರಲ್ಲಿ.

ಒಂದು ಬೆಳಿಗ್ಗೆ ನನ್ನ ಮುಖ ನೋಡಿ, 'ಸರ್, ಚಾಕ್‌ಪೀಸ್ ಮುಗಿದಿದೆ' ಅಂದಳು.

ಸರ್ ಅಂತ. ಮದುವೆಗೆ ಮುಂಚೆ ಹಾಗೆ ಕರೆಯೋಳು. ಒಂದೇ ಸ್ಕೂಲು ನಮ್ಮದು, ಅವಳದು ಪಕ್ಕದ ಕ್ಲಾಸು. ಚಾಕ್‌ಪೀಸ್ ಮುಗಿದಿದೆ, ಡಸ್ಟರ್ ಕಳೆದಿದೆ ಅಂತ ದಿನಕ್ಕೆ ನಾಲ್ಕು ಸಲ ಬರೋಳು. ಬಾಕ್ಸ್ ತುಂಬ ಚಾಕ್‌ಪೀಸ್ ಇಟ್ಕೊಂಡು ಬರೋಳು ಅಂತ ಮದುವೆ ಆದಮೇಲೆ ಗೊತ್ತಾಯ್ತು. ಅದಕ್ಕೇ ನಾನು ತಮಾಷೆ ಅಂದ್ಕೊಂಡೆ. 'ಎಷ್ಟು ಬೇಕು ಮಿಸ್?' ಅಂದೆ. ಅವಳು ನಗಲಿಲ್ಲ. 'ಹಳದಿ ಬೇಡ ಸರ್, ಬಿಳಿದು ಕೊಡಿ' ಅಂದಳು, ಗಂಭೀರವಾಗಿ, ಕೈ ಚಾಚಿ.

ಆಂಬುಲೆನ್ಸ್ ಗಾಡಿ ಕರೆಸಿದೆ. ಬಂದರು, ಬೆರಳಿಗೆ ಇದೇ ಕ್ಲಿಪ್ಪು ಹಾಕಿದರು. ಅದರಲ್ಲಿ ಬಂದದ್ದು ನೋಡಿ ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅವಳು ಮಾತಾಡ್ತಾನೇ ಇದ್ದಳು ಸಿಸ್ಟರ್. ಉಸಿರು ಸಾಲ್ತಿಲ್ಲ ಅಂತ ಅವಳಿಗೇ ಗೊತ್ತಿಲ್ಲ. ನನಗೆ ಗಾಡಿ ಹತ್ತೋಕೆ ಬಿಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದಾಗಲೆಲ್ಲ, 'ಮಾತಾಡ್ತಿದ್ದಾರೆ, ಮಾತಾಡ್ತಿದ್ದಾರೆ' ಅಂದ್ರು. ಏನು ಮಾತಾಡ್ತಿದ್ದಾಳೆ ಅಂತ ಕೇಳಿದೆ. ಯಾರಿಗೂ... ಗೊತ್ತಿರಲಿಲ್ಲ. ಆಮೇಲೆ ಒಂದು ಸಲ ಫೋನ್ ಮಾಡಿದಾಗ ಆ ಮಾತು ಹೇಳಲಿಲ್ಲ.

ನಾನು ಅಲ್ಲಿಗೆ ಹೋಗೋದಿಲ್ಲ ತಾಯಿ. ಕುರ್ಚಿ ಇಲ್ಲಿದೆ. ಅವಳ ಕನ್ನಡಕ ಇಲ್ಲಿದೆ. ಏನಾದರೂ ಆಗೋದಿದ್ರೆ... ಇಲ್ಲೇ ಆಗಲಿ.

ಲೋಟ ಯಾಕೆ ತಗೊಂಡ್ರಿ? ಅರ್ಧ ಇತ್ತು ಇನ್ನೂ. ಓ, ಆರಿಹೋಗಿದೆ. ಕೈ ನೋಡ್ತೀರಾ? ನಾಡಿ? ನೋಡಿ. ಅದಕ್ಕೇನು. ಕ್ಲಿಪ್ಪು ಮಾತ್ರ ಬೇಡ, ಬೆರಳು... ಇನ್ನೂ ತಣ್ಣಗಿದೆ, ಮುಟ್ಟಿದ್ರೆ ಗೊತ್ತಾಗ್ತಿದೆಯಲ್ಲ ನಿಮಗೂ.

ಮುಂದಕ್ಕೆ ಬಾಗಬೇಕಾ? ಹೀಗಾ? ಮೊಣಕೈ ಮೇಜಿನ ಮೇಲೆ... ಸರಿ. ಹಾಂ. ಇದು ಸುಖ. ಬೆನ್ನಿಗೆ... ಒಳ್ಳೇದು.

ನಿಮ್ಮ ಹುಬ್ಬು ಗಂಟಿಕ್ಕಿದೆ. ಏನಾಯ್ತು? ಮಾತು ತುಂಡು ತುಂಡಾಗಿ ಬರ್ತಿದೆ ಅಂತಾನಾ? ಅಯ್ಯೋ, ಅದಾ. ಅದು ನನ್ನ... ಹಳೇ ಅಭ್ಯಾಸ. ಉಕ್ತಲೇಖನ ಕೊಟ್ಟು ಕೊಟ್ಟು ಬಂದದ್ದು. ಒಂದು ಆಯುಷ್ಯ ಅದೇ ಕೆಲಸ. ಎರಡು ಪದ ಹೇಳೋದು... ನಿಲ್ಲೋದು. ಹಿಂದಿನ ಬೆಂಚಿನವನು ಬರೆದು ತಲೆ ಎತ್ತಿದ ಮೇಲೆ... ಇನ್ನೆರಡು ಪದ. ಮನೇಲೂ ಹೀಗೇ ಮಾತಾಡ್ತಿದ್ದೆ, ಅವಳು... ಕೈಯಲ್ಲಿ ಪೆನ್ನು ಹಿಡಿದ ಹಾಗೆ ಮಾಡಿ, 'ಬರ್ಕೊಂಡೆ, ಮುಂದೆ' ಅನ್ನೋಳು. ಮೇಷ್ಟ್ರ ಗಂಟಲು... ಹೀಗೇ ಇರುತ್ತೆ.

ನಿನ್ನೆ ಹೀಗಿರಲಿಲ್ಲ ಅಂತೀರಾ? ಅಂದಿಲ್ಲ ನೀವು. ಆದರೂ... ಹಾಗೆ ನೋಡ್ತಿದ್ದೀರಿ.

ನಿನ್ನೆ ಮೆಟ್ಟಿಲು ಇಳಿದು... ಪೇಪರ್ ತಂದಿದ್ದೆ. ಅದಕ್ಕೆ ಸ್ವಲ್ಪ... ಆಯಾಸ. ಇವತ್ತು ಪೇಪರ್ ಅಲ್ಲೇ ಬಿದ್ದಿದೆ ಅಂತ ನೋಡಿದ್ರಾ? ಬೇಡ ಅನ್ನಿಸ್ತು. ಓದೋಕೆ ಏನಿದೆ ಅದರಲ್ಲಿ. ರಾತ್ರಿ ಈ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದೆ. ಮಲಗಿದ್ರೆ... ಮಲಗಿದ್ರೆ ಸೆಖೆ.

ನಂಬಿಕೆ ಇಲ್ಲ ನಿಮಗೆ. ಇಸ್ತ್ರಿ ಪೆಟ್ಟಿಗೆ ಆದಮೇಲೆ ಹೇಗೆ ಬರುತ್ತೆ. ಸರಿ, ಪರೀಕ್ಷೆ ಕೊಡ್ತೀನಿ. ಮಕ್ಕಳಿಗೆ ನಾನು... ಮಗ್ಗಿ ಹೇಳಿಸ್ತಿದ್ದದ್ದು ಹೇಗೆ ಗೊತ್ತಾ? ಒಂದೇ ಉಸಿರಲ್ಲಿ. ಹತ್ತೊಂಬತ್ತರ ಮಗ್ಗಿ, ಮೊದಲಿಂದ ಕೊನೆ ತನಕ, ನಡುವೆ ಉಸಿರು ಎಳೆದ್ರೆ ಮತ್ತೆ ಮೊದಲಿಂದ. ಮೊದಲು ನಾನು ಹೇಳಿ ತೋರಿಸ್ತಿದ್ದೆ. ಕೇಳಿ.

ಬೇಡ ಅಂತ ತಲೆ ಆಡಿಸಬೇಡಿ. ಕೇಳಿ ಸುಮ್ಮನೆ.

ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು, ಹತ್ತೊಂಬತ್ತೆರಡ್ಲಿ ಮೂವತ್ತೆಂಟು... ಹತ್ತೊಂಬತ್ಮೂರ್ಲಿ... ಐವತ್ತೇಳು... ಹತ್ತೊಂಬತ್ತ್...

ಇರಿ. ಮತ್ತೆ ಮೊದಲಿಂದ.

ಹತ್ತೊಂಬತ್ತೊಂದ್ಲಿ... ಹತ್ತೊಂಬತ್ತು... ಹತ್ತೊಂಬತ್ತೆ...

ಮರೆತದ್ದಲ್ಲ. ಎಪ್ಪತ್ತಾರು, ತೊಂಬತ್ತೈದು... ಎಲ್ಲ ಇದೆ ತಲೇಲಿ. ಮರೆತದ್ದಲ್ಲ ತಾಯಿ.

...

ನೀವು ನನ್ನ ಮುಖ ನೋಡ್ತಿಲ್ಲ. ಆಗಿನಿಂದ... ನನ್ನ ಕತ್ತು ನೋಡ್ತಿದ್ದೀರಿ. ಕಾಲರ್ ಮೂಳೆ ಮೇಲಿನ ಗುಳಿ. ಪ್ರತಿ ಉಸಿರಿಗೂ... ಒಳಕ್ಕೆ ಹೋಗ್ತಿದೆ, ಅಲ್ವಾ? ಅವಳದೂ ಹೋಗ್ತಿತ್ತು. ನನಗೆ ಅದು ಏನು ಅಂತ ಗೊತ್ತಿರಲಿಲ್ಲ. ನಿಮಗೆ... ಗೊತ್ತು.

ಏನಾದರೂ ಹೇಳಿ.

ನಾಡಿ ನೋಡಿದ್ದು ಆಯ್ತಲ್ಲ... ಕೈ ಬಿಟ್ಟಿಲ್ಲ ನೀವು. ಎಷ್ಟೊತ್ತಿಂದ ಗೊತ್ತು? ಬಾಗಿಲು ತೆಗೆದಾಗಲೇನಾ? ಬಾಗಿಲು ತೆಗೆದು... ಚೌಕಟ್ಟು ಹಿಡ್ಕೊಂಡು ನಿಂತೆನಲ್ಲ, ಆಗ?

ಆಗಲೇ ಫೋನ್ ತೆಗೆದ್ರಿ.

ಅದು... ಟೈಲರ್‌ಗಲ್ಲ.

ಅದಕ್ಕೇ ಕ್ಲಿಪ್ಪಿಗೆ ಜೋರು ಮಾಡಲಿಲ್ಲ. ಅದಕ್ಕೇ ಕಿಟಕಿ ತೆಗೆದ್ರಿ. ಕೂತ್ಕೊಳ್ಳಿ ಅಂದದ್ದಕ್ಕೆ... ಅದಕ್ಕೇ ಕೂತ್ರಿ. ನಾನು ಎಷ್ಟು ಖುಷಿಪಟ್ಟೆ, ನೋಡಿ. ಮಾತು ಕೇಳೋಕೆ ಕೂತಿದ್ದಾರೆ ಅಂತ.

ತಲೆ ತಗ್ಗಿಸಿದ್ರಿ.

ತಗ್ಗಿಸಬೇಡಿ. ಸಿಟ್ಟಿಲ್ಲ ನನಗೆ. ಇತ್ತು, ಈಗ... ಅದಕ್ಕೂ ಉಸಿರು ಬೇಕು. ನೀವು ಬಾಗಿಲಲ್ಲೇ ಹೇಳಿದ್ರೆ ನಾನು ಬಾಗಿಲು ಹಾಕ್ಕೊಳ್ತಿದ್ದೆ. ಅದೂ ಗೊತ್ತಿತ್ತು ನಿಮಗೆ.

ಭಯ ಆಗ್ತಿದೆ ತಾಯಿ. ರಾತ್ರಿಯಿಂದ. ಕುರ್ಚಿಯಲ್ಲಿ ಕೂತು... ನೀವು ಎಷ್ಟೊತ್ತಿಗೆ ತಟ್ತೀರಿ ಅಂತ ಕಾದೆ. ನೀವು ತಟ್ಟಿದ ಕೂಡಲೇ... ಏನೂ ಇಲ್ಲ ಅನ್ನೋಣ ಅನ್ನಿಸ್ತು.

ಗಾಡೀಲಿ ನೀವು ಬರೋ ಹಾಗಿಲ್ಲ. ಗೊತ್ತು. ಇನ್ನೂ ಎಷ್ಟೋ ಮನೆ.

ಎಷ್ಟೊತ್ತಾಗುತ್ತೆ ಅದು ಬರೋಕೆ? ...ಬೇಡ, ಹೇಳಬೇಡಿ.

ಆಯ್ತು, ಆಯ್ತು. ಎತ್ತಿದ ಕೈ ಇಳಿಸಿ. ನಾನು ಸುಮ್ಮನಿರ್ತೀನಿ. ಆದರೆ ನೀವು... ಮಾತಾಡಿ. ಏನು ಬೇಕಾದರೂ. ಬೆಳಿಗ್ಗೆ ಎಷ್ಟೊತ್ತಿಗೆ ಎದ್ರಿ... ಬಸ್ಸಲ್ಲಿ ಸೀಟು ಸಿಕ್ತಾ... ಅದನ್ನೇ ಹೇಳಿ. ನಿಧಾನಕ್ಕೆ ಹೇಳಿ. ನಾನು...

ಕೇಳ್ತಿರ್ತೀನಿ.